ಕಟ್ಟೆಗೆ ಬಂದ ಹಳದಿ ಪೆಟ್ಟಿಗೆ

ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ಆ ಪೆಟ್ಟಿಗೆ ಸಿದ್ಧವಾದ ದಿನ ಭೌತಶಾಸ್ತ್ರದ ಪ್ರಾಧ್ಯಾಪಕರು ಅದನ್ನು ನನ್ನ ಕೈಗೆ ಕೊಟ್ಟು, “ಭಾರ ಸಾಕೇ?” ಎಂದು ಕೇಳಿದರು. ಭಾರದ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆಯಿರಲಿಲ್ಲ. ಪೆಟ್ಟಿಗೆಯ ಮೇಲೆ ಬರೆದಿದ್ದ ಕನ್ನಡ ಮಾತ್ರ ನನ್ನದು: ‘ಅಪಾಯ. ವಿಕಿರಣ ವಸ್ತು. ಮುಟ್ಟಬೇಡಿ. ಕೂಡಲೇ ಈ ಸಂಖ್ಯೆಗೆ ಕರೆಮಾಡಿ.’ ಅಕ್ಷರಗಳ ಅಂತರ, ಪೂರ್ಣವಿರಾಮ, ಕರೆಯ ಸಂಖ್ಯೆ ಎಲ್ಲವನ್ನೂ ಬೆರಳಿಟ್ಟು ನೋಡಿ, ಸರಿಯಾಗಿದೆ ಎಂದೆ. ಹಳದಿ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಅಂಟಿತು.

ರಸ್ತೆಯ ಮತ್ತು ಕಾಲುವೆಯ ಏರಿಯ ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಅಳೆಯಲು ಗುತ್ತಿಗೆದಾರರು ಬಳಸುವ ಉಪಕರಣವೊಂದಿದೆ. ಅದರೊಳಗೆ ವಿಕಿರಣ ಸೂಸುವ ವಸ್ತು ತೊಗರಿಕಾಳಿನಷ್ಟು ಇರುತ್ತದೆ. ಉಪಕರಣ ಸುಸ್ಥಿತಿಯಲ್ಲಿರುವವರೆಗೆ ಅದರಿಂದ ತೊಂದರೆಯಿಲ್ಲ. ಅದು ವಾಹನದಿಂದ ಬಿದ್ದು, ಒಡೆದು, ಯಾರದೋ ಮನೆ ಸೇರಿದರೆ ದೊಡ್ಡ ಅನಾಹುತವಾಗುತ್ತದೆ. ಕೆಟ್ಟ ಉದ್ದೇಶವುಳ್ಳವರ ಕೈ ಸೇರಿದರೆ ಇನ್ನೂ ದೊಡ್ಡದು. ನಮ್ಮ ಪೆಟ್ಟಿಗೆ ಅಂಥ ಉಪಕರಣದ ತದ್ರೂಪು. ಒಳಗೆ ಇದ್ದುದು ಮರಳು ಮತ್ತು ಒಂದು ಕಬ್ಬಿಣದ ಸರಳು ಮಾತ್ರ.

ನಮ್ಮದು ಹಲವು ವಿಭಾಗಗಳು ಕೂಡಿ ಕೈಗೊಂಡ ಸಂಶೋಧನೆ. ಅಣುಶಕ್ತಿಗೆ ಸಂಬಂಧಿಸಿದ ವಸ್ತುಗಳನ್ನು ಕಾಯುವ ಬಗೆ ಯಾವುದು, ಅಣ್ವಸ್ತ್ರಗಳು ಹರಡದಂತೆ ದೇಶದೇಶಗಳು ಮಾಡಿಕೊಂಡ ಒಪ್ಪಂದಗಳ ಮಾತು ಒಂದು ತಾಲ್ಲೂಕಿನ ಮಟ್ಟಕ್ಕೆ ಇಳಿದಾಗ ಏನಾಗುತ್ತದೆ ಎಂಬುದು ಅದರ ವಿಷಯ. ಪ್ರಾಧ್ಯಾಪಕರು ದಕ್ಷಿಣದ ಕಡೆಯವರು, ತಂಡದ ಮುಖ್ಯಸ್ಥರು. ಇಂಡಿಯವರಾದ ಕಾನೂನು ಅಧ್ಯಾಪಕಿಗೆ ಒಪ್ಪಂದಗಳೂ ನಿಯಮಗಳೂ ಬಾಯಿಪಾಠ; ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಮುದ್ದೇಬಿಹಾಳ ಕಡೆಯ ಹಳ್ಳಿಯಿಂದ ಬಂದ ಸಮಾಜಕಾರ್ಯ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ ಜನರೊಡನೆ ಮಾತನಾಡುವವಳು. ಶಾಲೆಯ ಕನ್ನಡ ಮಾಸ್ತರಿಕೆಯನ್ನು ಬಿಟ್ಟು ಬಂದ ನನಗೆ ಪ್ರಶ್ನಾವಳಿ, ಸೂಚನಾಪತ್ರ, ಕೈಪಿಡಿಗಳ ಭಾಷೆಯ ಹೊಣೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳಲ್ಲಿ ನಾವು ಮೊದಲು ಪ್ರಶ್ನಾವಳಿಯನ್ನು ಹಿಡಿದು ತಿರುಗಿದೆವು. ‘ಇಂಥ ಗುರುತುಳ್ಳ ವಸ್ತು ದಾರಿಯಲ್ಲಿ ಕಂಡರೆ ನೀವೇನು ಮಾಡುವಿರಿ?’ ಎಂಬುದು ಮುಖ್ಯ ಪ್ರಶ್ನೆ. ಇಂಡಿಯ ನಿಂಬೆಕಾಯಿ ವ್ಯಾಪಾರಿಗಳಿಂದ ಹಿಡಿದು ಸಿಂದಗಿ ಬಸ್ ನಿಲ್ದಾಣದ ಹಮಾಲರವರೆಗೆ ಬಹುತೇಕ ಎಲ್ಲರೂ ಕೊಟ್ಟ ಉತ್ತರ ಒಂದೇ: “ಮುಟ್ಟೂದಿಲ್ರಿ. ಪೊಲೀಸರಿಗಿ ಫೋನ್ ಮಾಡ್ತೇವ್ರಿ.” ಪ್ರಾಧ್ಯಾಪಕರಿಗೆ ಸಂತೋಷವಾಯಿತು. ನನಗೆ ಸಮಾಧಾನವಾಗಲಿಲ್ಲ. ತರಗತಿಯಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಸರಿಯುತ್ತರ ಹೇಳಿದಾಗ, ಉತ್ತರ ಪ್ರಶ್ನೆಯೊಳಗೇ ಇಣುಕುತ್ತಿದೆ ಎಂದು ತಿಳಿಯಬೇಕು. ‘ಅಪಾಯ’ ಎಂದು ನಾವೇ ಹೇಳಿಕೊಟ್ಟು, ಆಮೇಲೆ ಪ್ರಶ್ನೆ ಕೇಳಿದ್ದೆವು.

ಆದುದರಿಂದ ನಾಲ್ಕನೆಯದಾದ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಪ್ರಶ್ನೆ ಬೇಡ, ವಸ್ತುವನ್ನೇ ಇಟ್ಟು ನೋಡೋಣ ಎಂದು ನಾನು ಸೂಚಿಸಿದೆ. ಕಾನೂನು ಅಧ್ಯಾಪಕಿ ಷರತ್ತುಗಳನ್ನು ಹಾಕಿದರು. ಪಂಚಾಯತಿಗೂ ಠಾಣೆಗೂ ಮೊದಲೇ ಲಿಖಿತವಾಗಿ ತಿಳಿಸಿರಬೇಕು. ನಮ್ಮಲ್ಲೊಬ್ಬರ ಕಣ್ಣು ಸದಾ ಪೆಟ್ಟಿಗೆಯ ಮೇಲಿರಬೇಕು. ಪೆಟ್ಟಿಗೆಯ ತಳದಲ್ಲಿ ‘ಇದು ಅಭ್ಯಾಸದ ಖಾಲಿ ಪೆಟ್ಟಿಗೆ’ ಎಂದು ಬರೆದಿರಬೇಕು. ಎಲ್ಲವನ್ನೂ ಪಾಲಿಸಿದೆವು. ಆ ಊರಿನ ಸಾಮಾನ್ಯ ಜನರಿಗೆ ಮಾತ್ರ ವಿಷಯ ತಿಳಿದಿರಲಿಲ್ಲ. ತಿಳಿದಿದ್ದರೆ ಪರೀಕ್ಷೆಯೇ ಅಲ್ಲ.

ಗೊಳಸಂಗಿಯಿಂದ ಕಾಲುವೆಯ ದಾರಿ ಹಿಡಿದು ಹೋದರೆ ಸಿಗುವ ಊರದು. ಆಲಮಟ್ಟಿಯ ನೀರು ಬಂದ ಮೇಲೆ ಅಲ್ಲಿ ಒಂದು ಬದಿಗೆ ಕಬ್ಬು, ಇನ್ನೊಂದು ಬದಿಗೆ ತೊಗರಿ. ಬೆಳಗಿನ ಬಿಸಿಲು ಏರುವ ಮುನ್ನ ಪೆಟ್ಟಿಗೆಯನ್ನು ರಸ್ತೆಯ ಅಂಚಿನ ಜಾಲಿಗಿಡದ ಬುಡದಲ್ಲಿ, ವಾಹನದಿಂದ ಉರುಳಿ ಬಿದ್ದಂತೆ ಓರೆಯಾಗಿ ಇಟ್ಟು, ತುಸು ದೂರದಲ್ಲಿ ಜೀಪು ನಿಲ್ಲಿಸಿಕೊಂಡು ಕುಳಿತೆವು. ಕಬ್ಬಿನ ಟ್ರ್ಯಾಕ್ಟರಿನವನು ನೋಡದೆ ಹೋದ. ಕುರಿಯವನು ನೋಡಿದ, ನಿಂತ, ಹೋದ. ಆಮೇಲೆ ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗಹಾಕಿಕೊಂಡು ನಡುವಯಸ್ಸಿನ ಹಾಲಿನವನೊಬ್ಬ ಬಂದ. ಗಾಡಿ ನಿಲ್ಲಿಸಿ ಇಳಿದು, ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ಸಾಲುಗಳನ್ನು ಗಟ್ಟಿಯಾಗಿ ಓದಿದ. ಒಂದಕ್ಷರವೂ ತಪ್ಪಲಿಲ್ಲ. ನನ್ನ ಮನಸ್ಸು ಅರಳಿತು. ಮರುಕ್ಷಣವೇ ಆತ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ, ಕ್ಯಾನುಗಳ ನಡುವಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದು, ಊರ ಕಡೆಗೆ ಹೊರಟುಬಿಟ್ಟ.

“ಸರ, ಒಯ್ದ!” ಎಂದಳು ವಿದ್ಯಾರ್ಥಿನಿ.

ನಾವು ಹಿಂಬಾಲಿಸಿ ತಲುಪುವಷ್ಟರಲ್ಲಿ ಪೆಟ್ಟಿಗೆ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ, ಇಳಕಲ್ಲಿನ ಕೆಂಪು ಹಾಸುಗಲ್ಲಿನ ನಡುವೆ ಕುಳಿತಿತ್ತು. ಸುತ್ತ ಆಗಲೇ ಹತ್ತಾರು ಜನ. ಮುದುಕರಿಬ್ಬರು ಅದಕ್ಕೆ ಬೆನ್ನು ಆನಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಒಬ್ಬ ತರುಣ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ.

ಕಾನೂನು ಅಧ್ಯಾಪಕಿ ಹಾಲಿನವನನ್ನು ಮೃದುವಾಗಿಯೇ ಕೇಳಿದರು: “ಅದರ ಮ್ಯಾಲೆ ಏನ್ ಬರದದ ಅಂತ ಓದಿದ್ರಿಲ್ಲೋ?”

“ಓದೇನ್ರಿ ಅಕ್ಕಾರ. ಮುಟ್ಟಬ್ಯಾಡ್ರಿ ಅಂತ ಐತಿ. ಖರೇನ ಐತಿ. ಹೆರವರ ಸಾಮಾನ ನಾವ್ಯಾಕ ಮುಟ್ಟೂಣು? ಅದಕ್ಕ ಯಾರೂ ಮುಟ್ಟಬಾರ್ದಂತ ಲಗೂನ ತಂದು ಕಟ್ಟಿಗಿ ಇಟ್ಟೇನಿ.”

“ಫೋನ್ ಮಾಡಬೇಕಿತ್ತಲ್ಲ?”

“ಮಾಡ್ತಿದ್ದೇನ್ರಿ. ಮೊದ್ಲ ಸಾಮಾನ ಜ್ವಾಕಿ ಆಗಬೇಕು, ಆಮ್ಯಾಲ ಫೋನು. ಹಾದ್ಯಾಗ ಬಿಟ್ಟು ಫೋನ್ ಮಾಡಕೋತ ಕುಂತ್ರ ಯಾವನರ ಹಾರಿಸ್ಕೊಂಡ ಹೋಗಾಂವ. ಆಮ್ಯಾಲ ಹೆಸರ ಬರೂದು ನನ್ನ ಮ್ಯಾಲ.”

ಆ ಊರಿನ ಪದ್ಧತಿ ಹಾಗಿತ್ತು. ದಾರಿಯಲ್ಲಿ ಸಿಕ್ಕ ವಸ್ತು ಬಂಗಾರವಾಗಲಿ, ಬಾರುಕೋಲಾಗಲಿ, ಎತ್ತಿ ತಂದು ಎಲ್ಲರ ಕಣ್ಣೆದುರಿಗೆ ಗುಡಿಯ ಕಟ್ಟೆಯ ಮೇಲೆ ಇಡಬೇಕು. ಇಟ್ಟವನ ಹೊಣೆ ಅಲ್ಲಿಗೆ ಮುಗಿಯಿತು. ಕಳೆದುಕೊಂಡವನು ಬಂದು ಒಯ್ಯುವವರೆಗೆ ಯಾರೂ ಅದನ್ನು ಅಲುಗಾಡಿಸುವುದಿಲ್ಲ. ನಿಜವಾದ ವಿಕಿರಣ ವಸ್ತುವಿಗೆ ಇದಕ್ಕಿಂತ ಕೆಟ್ಟ ಸ್ಥಳ ಊರಿನಲ್ಲೇ ಇರಲಾರದು. ಹಗಲೆಲ್ಲ ಜನ ಕೂರುವ ಜಾಗ. ಹೊಸ ವಸ್ತು ಬಂದರೆ ಇನ್ನಷ್ಟು ಜನ ಕೂಡುವ ಜಾಗ. ತಳದ ಬರಹವನ್ನು ತೋರಿಸಿ, ಇದು ಖಾಲಿ ಪೆಟ್ಟಿಗೆಯೆಂದು ತಿಳಿಸಿ, ನಗುನಗುತ್ತಲೇ ಎಲ್ಲರಿಂದಲೂ ಬೀಳ್ಕೊಂಡೆವು. ಜೀಪಿನಲ್ಲಿ ಪ್ರಾಧ್ಯಾಪಕರು, “ಒಂದು ಬೆಳಗಿನಲ್ಲಿ ಎಷ್ಟು ದೊಡ್ಡ ಫಲಿತಾಂಶ!” ಎಂದು ಹಿಗ್ಗಿದರು. ನಾವೆಲ್ಲರೂ ಹಿಗ್ಗಿದೆವು.

ಮರುದಿನ ವಿದ್ಯಾರ್ಥಿನಿಯ ಫೋನಿಗೆ ಹಾಲಿನವನ ಕರೆ ಬಂತು. ಆಕೆ ಅದನ್ನು ನಮಗೆಲ್ಲ ಕೇಳುವಂತೆ ಮೇಜಿನ ಮೇಲಿಟ್ಟಳು.

“ತಂಗೀ, ನೀವೇನೋ ನಕ್ಕೋತ ಹೋದ್ರಿ. ಇಲ್ಲಿ ನನ್ನ ಹಾಲ ಯಾರೂ ತಗೋವಲ್ಲರು.”

ತರುಣ ತೆಗೆದ ಚಿತ್ರ ಊರೂರು ಸುತ್ತಿತ್ತು. ಅದರಲ್ಲಿ ‘ಅಪಾಯ. ವಿಕಿರಣ ವಸ್ತು’ ಎಂಬ ನನ್ನ ದಪ್ಪ ಅಕ್ಷರಗಳು ಎದ್ದು ಕಾಣುತ್ತಿದ್ದವು. ಪಕ್ಕದಲ್ಲೇ, ಕಟ್ಟೆಗೆ ಒತ್ತಿ ನಿಲ್ಲಿಸಿದ್ದ ಗಾಡಿಯ ಮೇಲೆ ಹಾಲಿನ ಕ್ಯಾನುಗಳು. ತಳದ ಬರಹ ಚಿತ್ರದಲ್ಲಿ ಬರುವಂತಿರಲಿಲ್ಲ. ಅಣುಬಾಂಬಿನ ಡಬ್ಬಿಯ ಜತೆ ಬಂದ ಹಾಲು ಎಂದು ಯಾರೋ ಸೇರಿಸಿದ್ದರು. ಆತ ನಿತ್ಯವೂ ಹಾಲು ಹಾಕುತ್ತಿದ್ದ ಮನೆಗಳಲ್ಲಿ ನಾಲ್ಕಾರನ್ನು ಬಿಟ್ಟರೆ ಯಾವ ಬಾಗಿಲಲ್ಲೂ ಪಾತ್ರೆ ಹೊರಗೆ ಬರಲಿಲ್ಲ. ಹಾಲಿನ ಸಂಘದವರು, “ಸ್ವಲ್ಪ ದಿನ ತಡಿಯಪ್ಪಾ, ಮಂದಿ ಬಾಯಿ ಮುಚ್ಚಲಿ” ಎಂದಿದ್ದರು. ಕರೆದ ಹಾಲನ್ನು ಕರುಗಳಿಗೇ ಕುಡಿಸಿದ್ದ. ಎಮ್ಮೆ ಮಾತ್ರ ಯಾವ ಸುದ್ದಿಯನ್ನೂ ಕೇಳದೆ ಹೊತ್ತಿಗೆ ಸರಿಯಾಗಿ ಹಾಲು ಕೊಡುತ್ತದೆ.

“ಹಾಲ ಮಾರಲಿಲ್ಲಂದ್ರ ನಾ ಏನ್ ಮಾಡ್ಲಿ ಹೇಳ್ರಿ ಮಾಸ್ತರ” ಎಂದು ಆತ ನನ್ನನ್ನೇ ಕೇಳಿದ. “ಸಾಮಾನ ಕದ್ದಿದ್ರ ಇಷ್ಟ ಹೆಸರ ಕೆಡ್ತಿರಲಿಲ್ಲ.”

ನಾನು ಅಂದೇ ಒಂದು ಪ್ರಕಟಣೆಯನ್ನು ಬರೆದೆ. ನನ್ನ ಬರವಣಿಗೆಯಲ್ಲಿಯೇ ಅದು ಅತ್ಯಂತ ಸ್ಪಷ್ಟವಾದದ್ದು ಎಂದು ಈಗಲೂ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ವಿಕಿರಣ ವಸ್ತು ಇರಲಿಲ್ಲ, ಹಾಲು ಶುದ್ಧವಾಗಿದೆ, ಹಾಲು ತಂದವರು ಪ್ರಾಮಾಣಿಕರು. ಮೂರು ವಾಕ್ಯ, ಕರ್ತೃ ಕರ್ಮ ಕ್ರಿಯೆಗಳೆಲ್ಲ ತಂತಮ್ಮ ಜಾಗದಲ್ಲಿ. ಪ್ರಾಧ್ಯಾಪಕರ ಸಹಿ, ವಿಭಾಗದ ಮೊಹರು. ಪಂಚಾಯತಿಯ ಗೋಡೆಗೂ ಸಂಘದ ಬಾಗಿಲಿಗೂ ಅಂಟಿಸಿ ಬಂದೆವು. ಅದರಿಂದ ಆದದ್ದು ಇಷ್ಟೇ: ಅಲ್ಲಿಯವರೆಗೆ ಹಾಲು ತೆಗೆದುಕೊಳ್ಳುತ್ತಿದ್ದ ನಾಲ್ಕಾರು ಮನೆಗಳೂ ನಿಲ್ಲಿಸಿದವು. ಕಾರಣವನ್ನು ವಿದ್ಯಾರ್ಥಿನಿ ಕೇಳಿಕೊಂಡು ಬಂದಳು.

“ಏನೂ ಇಲ್ಲಂದ್ರ ನೋಟೀಸ ಯಾಕ ಹಚ್ಯಾರ ಅಂತಾರ ಸರ. ಅದೂ ಮೊಹರ ಹೊಡದು.”

ಕಾನೂನು ಅಧ್ಯಾಪಕಿಗೆ ನಗು ಬಂತು, ಸಂಕಟವೂ ಆಯಿತು. “ಅವರು ಹೇಳೂದರಾಗ ತಪ್ಪೇನದ? ನಮ್ಮ ಮನಿ ಬಾಗಲಕ್ಕ ಇಂಥಾ ನೋಟೀಸ ಬಂದ್ರ ನಾನೂ ಹಂಗ ಅಂತಿದ್ದೆ” ಎಂದರು. ಪ್ರಾಧ್ಯಾಪಕರು ಒಮ್ಮೆ ಹೋಗಿ ಆ ಹಾಲಿನ ಚಹ ಮಾಡಿಸಿ, ಎಲ್ಲರ ಎದುರು ಕುಡಿದು ಬಂದರು. ಅದಕ್ಕೂ ಊರಲ್ಲಿ ಉತ್ತರವಿತ್ತು: “ನೀವು ಒಂದ ಕಪ್ಪ ಕುಡದು ಹೋಗಾವ್ರು. ದಿನಾ ಕುಡಿಯಾವ್ರು ನಾವು.”

ಅಂದು ಸಂಜೆ ವಿಭಾಗದಲ್ಲಿ ಕುಳಿತು ಚರ್ಚಿಸಿದೆವು. ನನ್ನ ಅಭಿಪ್ರಾಯವನ್ನು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಪೆಟ್ಟಿಗೆಯನ್ನು ಅದೇ ಕಟ್ಟೆಗೆ ಒಯ್ದು, ಊರವರ ಎದುರಿಗೆ ಬಿಚ್ಚಿ, ವಿಕಿರಣ ಮಾಪಕವನ್ನು ಅವರ ಕೈಗೇ ಕೊಡಬೇಕು. ನಮ್ಮ ಸಂಶೋಧನೆ ಏನು, ಪೆಟ್ಟಿಗೆಯನ್ನು ಏಕೆ ಇಟ್ಟೆವು, ಏನು ಕಂಡೆವು ಎಂಬುದನ್ನು ಒಂದನ್ನೂ ಬಿಡದೆ ಹೇಳಬೇಕು.

ಪ್ರಾಧ್ಯಾಪಕರು ಬೇಡವೆಂದು ತಲೆಯಾಡಿಸಿದರು. “ಹಾಗೆ ಮಾಡಿದರೆ ಆ ಊರು ಪರೀಕ್ಷೆಗೆ ಉಳಿಯುವುದಿಲ್ಲ. ಸುದ್ದಿ ಸುತ್ತಮುತ್ತ ಹಬ್ಬುತ್ತದೆ. ಇನ್ನೂ ಆರು ಊರುಗಳಲ್ಲಿ ಪೆಟ್ಟಿಗೆ ಇಡಬೇಕೆಂದು ಯೋಜನೆಯಲ್ಲಿ ಬರೆದಿದ್ದೇವೆ. ಬಾಗೇವಾಡಿ ತಾಲ್ಲೂಕಿನ ದತ್ತಾಂಶವೇ ಹೋಗುತ್ತದೆ. ಅಳೆಯುವವನು ಅಳತೆಯನ್ನು ಕೆಡಿಸಬಾರದು, ನೀವೇ ಹೇಳಿ.”

ಅವರ ಮಾತು ವಿಧಾನದ ದೃಷ್ಟಿಯಿಂದ ಸರಿಯಾಗಿತ್ತು. ವಿಧಾನವನ್ನು ಮುರಿಯುವುದು ನನಗೂ ಹಿಡಿಸದು. ಆದರೂ ಹೇಳಿದೆ: “ಅಳತೆ ಆಗಲೇ ಕೆಟ್ಟಿದೆ, ಸರ್. ನಾವು ಇಟ್ಟ ಪೆಟ್ಟಿಗೆಯಿಂದ ಒಬ್ಬನ ಹಾಲು ನಿಂತಿದೆ. ಮುಂದಿನ ಆರು ಊರುಗಳಲ್ಲಿಯೂ ಯಾರೋ ಒಬ್ಬರು ಎತ್ತುತ್ತಾರೆ. ಅವರ ಗತಿ?”

ಕಾನೂನು ಅಧ್ಯಾಪಕಿ ತಮ್ಮ ಕಡತದಿಂದ ಸಂಶೋಧನೆಗೆ ಒಳಪಡುವವರ ಸಮ್ಮತಿಯ ನಿಯಮವಿದ್ದ ಹಾಳೆಯನ್ನು ತೆಗೆದು ಪ್ರಾಧ್ಯಾಪಕರ ಮುಂದೆ ಸರಿಸಿದರು. ಅದನ್ನು ಓದಿ ಅವರು ಯೋಜನೆಯ ಪ್ರತಿಯಲ್ಲಿ ಆರು ಊರುಗಳ ಸಾಲನ್ನು ತಾವೇ ಹೊಡೆದುಹಾಕಿದರು. ಧನಸಹಾಯ ಕೊಟ್ಟವರಿಗೆ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಂತೋಷದಿಂದ ಬರೆದೆ.

ನಾವು ಮತ್ತೆ ಆ ಊರಿಗೆ ಹೋದ ದಿನ ಕಟ್ಟೆಯ ಬಳಿ ಸೇರಿದ್ದ ಜನರ ನಡುವೆ ಪ್ರಾಧ್ಯಾಪಕರು ತಿರುಪುಗಳನ್ನು ಬಿಚ್ಚಿ ಪೆಟ್ಟಿಗೆಯನ್ನು ಬೋರಲು ಹಾಕಿದರು. ಮರಳು ಸುರಿಯಿತು, ಸರಳು ಖಣ್ಣೆಂದು ಬಿತ್ತು.

“ಇಷ್ಟ ಏನ್ರಿ? ಇದಕ್ಕ ನಾಲ್ಕ ಮಂದಿ ಜೀಪಿನ್ಯಾಗ ಬಂದಿದ್ರಿ?” ಎಂದ ಮುದುಕನೊಬ್ಬ.

ಮಾಪಕದ ಗುಂಡಿಯನ್ನು ಒತ್ತಿದಾಗ ಅದು ಟಿಕ್, ಟಿಕ್ ಎಂದು ಸದ್ದು ಮಾಡತೊಡಗಿತು. ಜನ ಹಿಂದೆ ಸರಿದರು. ಏನೂ ಇಲ್ಲದ ಕಡೆಯೂ ಇಷ್ಟು ಸದ್ದು ಇರುವುದೇ. ಮಣ್ಣಿನಲ್ಲಿ, ಗಾಳಿಯಲ್ಲಿ, ನಮ್ಮ ಮೈಯಲ್ಲಿ ತುಸು ವಿಕಿರಣ ಹುಟ್ಟಿನಿಂದಲೇ ಇದೆ ಎಂದು ಪ್ರಾಧ್ಯಾಪಕರು ವಿವರಿಸಿದರು. ಅವರ ದಕ್ಷಿಣದ ಕನ್ನಡವನ್ನು ಜನ ಆಕಾಶವಾಣಿಯನ್ನು ಕೇಳುವಂತೆ ಬಾಯಿ ತೆರೆದು ಕೇಳಿದರು. ಬಳಿಕ ಮಾಪಕವನ್ನು ಹಾಲಿನವನ ಕ್ಯಾನಿನ ಬಾಯಿಗೆ ಹಿಡಿದರು: ಸದ್ದು ಏರಲಿಲ್ಲ. ಪೆಟ್ಟಿಗೆಗೆ ಹಿಡಿದರು: ಏರಲಿಲ್ಲ. ಆಗ ಯಾರೋ, “ಕಟ್ಟಿಗಿ ಹಿಡೀರಿ” ಎಂದರು. ಇಳಕಲ್ಲಿನ ಹಾಸುಗಲ್ಲಿಗೆ ಹಿಡಿದ ಕೂಡಲೇ ಸದ್ದು ಸ್ಪಷ್ಟವಾಗಿ ಬಿರುಸಾಯಿತು. ಕೆಂಪು ಕಲ್ಲಿನ ಸ್ವಭಾವವೇ ಹಾಗೆ, ಅದರಿಂದ ಅಪಾಯವಿಲ್ಲ ಎಂದು ಪ್ರಾಧ್ಯಾಪಕರು ಅವಸರವಾಗಿ ಹೇಳುವುದರೊಳಗೆ ನಗೆ ಎದ್ದಿತ್ತು.

“ಲೇ, ಹಾಲಿಗಿಂತ ಕಟ್ಟ್ಯಾಗ ಜಾಸ್ತಿ ಐತ್ಯೋ! ದಿನಾ ಇದರ ಮ್ಯಾಲ ಕುಂಡಿ ಊರಾವ್ರು ಹಾಲ ಒಲ್ಲೆ ಅಂತೀರಿ!”

“ಮುತ್ಯಾ, ಇನ್ನ ನೀ ಮನ್ಯಾಗ ಕುಂಡ್ರು.”

ಹೆಂಗಸರ ಗುಂಪಿನಿಂದ, ಊರವರು ಆಯಿ ಎಂದು ಕರೆಯುವ ಮುದುಕಿಯೊಬ್ಬಳು ಮುಂದೆ ಬಂದಳು. ಊರಿನಲ್ಲಿ ಮೊದಲು ಹಾಲು ನಿಲ್ಲಿಸಿದವಳು ಆಕೆಯೇ ಎಂದು ವಿದ್ಯಾರ್ಥಿನಿ ನನ್ನ ಕಿವಿಯಲ್ಲಿ ಹೇಳಿದಳು. ಆಯಿ ನಗಲಿಲ್ಲ. “ಇದು ಖಾಲಿ ಅಂತಾತು. ಖರೇ ಪೆಟಗೀನ ಆಗಿದ್ರ?”

“ಅದರ ಜತೆ ಬಂದ ಮಾತ್ರಕ್ಕೆ ಹಾಲು ಕೆಡುತ್ತಿರಲಿಲ್ಲ, ಅಜ್ಜಿ. ಬ್ಯಾಟರಿಯ ಬೆಳಕು ಬಿದ್ದ ಹಾಲು ಕತ್ತಲಲ್ಲಿ ಹೊಳೆಯುತ್ತದೆಯೇ? ಹಾಗೆ. ಆದರೆ ಪೆಟ್ಟಿಗೆ ಒಡೆದಿದ್ದರೆ, ಅದಕ್ಕೆ ಬೆನ್ನು ಕೊಟ್ಟು ಕೂತವರ ಮೈ ಸುಡುತ್ತಿತ್ತು. ಹೊತ್ತು ತಂದವರಿಗೂ ಕಷ್ಟವಾಗುತ್ತಿತ್ತು” ಎಂದರು ಪ್ರಾಧ್ಯಾಪಕರು.

ಹಾಲಿನವನೇ ಕೇಳಿದ: “ಹಂಗಾರ ಹಾದ್ಯಾಗ ಬಿಟ್ಟ ಹೋಗಬೇಕೇನ್ರಿ? ಅದು ನನ್ನ ಕಡಿಂದ ಆಗೂದಿಲ್ಲ. ನನ್ನ ಹಿಂದ ಸಾಲಿ ಹುಡುಗ್ರು ಬರ್ತಾವ. ಅವು ಬಿಡ್ತಾವೇನು? ನೀವ ಹೇಳ್ರಿ.”

ಅದು ನಮ್ಮ ಕೈಪಿಡಿಯ ಬುಡಕ್ಕೇ ಬಿದ್ದ ಪ್ರಶ್ನೆ. ‘ಮುಟ್ಟಬೇಡಿ, ದೂರ ಸರಿಯಿರಿ, ಕರೆಮಾಡಿ’ ಎಂದು ನಾನು ಬರೆದಿದ್ದೆ. ವಸ್ತುವನ್ನು ಕಾಯುವವರು ಯಾರು ಎಂದು ಬರೆದಿರಲಿಲ್ಲ. ಕಾವಲಿಲ್ಲದೆ ಬಿಡುವುದು ನಮ್ಮ ಶಾಸ್ತ್ರದ ಪ್ರಕಾರವೇ ಮೊದಲ ತಪ್ಪು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹಾಲಿನವನಿಗೆ ಅಣಕವಾಡಿದ: “ರಾಶಿಗಿ ಹೊಡ್ದಂಗ ಸುತ್ತಲೂ ಬೂದಿ ಹೊಡ್ದು ಕುಂಡ್ರೋ! ಹಾಲ ಹೆಂಗೂ ಹೋಗವಲ್ದು!”

ಎಲ್ಲರೂ ನಕ್ಕರು. ವಿದ್ಯಾರ್ಥಿನಿ ನಗದೆ ನನ್ನ ಕಡೆ ತಿರುಗಿದಳು. ಆ ಕಡೆಯ ಹೊಲಗಳಲ್ಲಿ ಜೋಳವೋ ತೊಗರಿಯೋ ರಾಶಿ ಬಿದ್ದಾಗ ಅದರ ಸುತ್ತ ಬೂದಿಯ ಗೆರೆ ಎಳೆಯುತ್ತಾರೆ. ಗೆರೆಯೊಳಗಿನದು ಇನ್ನೊಬ್ಬರದು, ಚಪ್ಪಲಿ ಮೆಟ್ಟಿಕೊಂಡು ಯಾರೂ ಅದನ್ನು ದಾಟುವುದಿಲ್ಲ. ಯಂತ್ರ ಬಂದು ತಾಡಪತ್ರಿಯ ಮೇಲೆ ರಾಶಿ ಸುರಿಯುವ ಈ ದಿನಗಳಲ್ಲಿಯೂ ಹಿರಿಯರು ಗೆರೆ ಎಳೆಯದೆ ಬಿಡುವುದಿಲ್ಲ.

“ಅಣ್ಣಾ, ಇನ್ನೊಮ್ಮಿ ಹೇಳ್ರಿ” ಎಂದಳು ಅಣಕವಾಡಿದವನಿಗೆ. ಆತ ಗಾಬರಿಯಾಗಿ, “ಚ್ಯಾಷ್ಟಿ ಮಾಡಿದ್ನವಾ” ಎಂದ.

ಚೇಷ್ಟೆಯನ್ನೇ ಹಿಡಿದು ಕುಳಿತೆವು. ಎಷ್ಟು ದೂರ? ಕನಿಷ್ಠ ಮೂವತ್ತು ಮೀಟರ್ ಎಂದರು ಪ್ರಾಧ್ಯಾಪಕರು. ಅಷ್ಟು ದೊಡ್ಡ ವೃತ್ತಕ್ಕೆ ಬೂದಿಯನ್ನು ಎಲ್ಲಿಂದ ತರುವುದು? ಪೂರ್ಣ ವೃತ್ತ ಬೇಕಿಲ್ಲ. ಜನ ಬರುವ ದಾರಿಗಳಿಗೆ ಅಡ್ಡಲಾಗಿ ಗೆರೆಯೆಳೆದರೆ ಸಾಕು. ಬೂದಿಯಿಲ್ಲದಿದ್ದರೆ ಕೋಲಿನಿಂದ ಮಣ್ಣಿನಲ್ಲಿ ಗೆರೆ, ಡಾಂಬರಿನ ಮೇಲಾದರೆ ಕಲ್ಲಿನ ಸಾಲು. ಒಬ್ಬ ಗೆರೆಯ ಹೊರಗೆ ಕಾಯುವುದು, ಇನ್ನೊಬ್ಬ ಸುದ್ದಿ ಮುಟ್ಟಿಸುವುದು. ಗುಡಿಯ ಮುಂದಿನ ಬಯಲಿನಲ್ಲಿ ಆಗಲೇ ಮಾಡಿ ನೋಡೋಣವೆಂದು ಪೆಟ್ಟಿಗೆಯನ್ನು ನಡುವೆ ಇಟ್ಟೆವು. ಹಾಲಿನವನು ಒಲೆಯ ಬೂದಿ ತರಿಸಿ ಗೆರೆ ಹೊಡೆದು ಹೊರಗೆ ನಿಂತ.

ಜನ ಬಂದರು, ಗೆರೆಯನ್ನು ಕಂಡರು, ಭಕ್ತಿಯಿಂದ ಚಪ್ಪಲಿ ಕಳಚಿಟ್ಟರು; ಬರಿಗಾಲಿನಲ್ಲಿ ಒಳಗೆ ನಡೆದು ಪೆಟ್ಟಿಗೆಯ ಸುತ್ತ ನಿಂತು ನಮಸ್ಕಾರ ಮಾಡಿದರು.

ನಮ್ಮ ಮುಖ ಇಳಿದುಹೋಯಿತು. ಪ್ರಾಧ್ಯಾಪಕರು ಹಣೆ ಒತ್ತಿಕೊಂಡರು. ರಾಶಿಯ ಗೆರೆ ಚಪ್ಪಲಿಯನ್ನು ತಡೆಯುತ್ತದೆ, ಕಾಲನ್ನಲ್ಲ ಎಂಬುದು ನಮಗೆ ಹೊಳೆದಿರಲಿಲ್ಲ. ಆಯಿ ಮಾತ್ರ ಗೆರೆಯ ಆಚೆಯೇ ನಿಂತಿದ್ದಳು. ಹೋಗಲಿಲ್ಲವೇಕೆ ಎಂದು ಕಾನೂನು ಅಧ್ಯಾಪಕಿ ಕೇಳಿದರು.

“ರಾಶಿ ಅಳಿಯೂಮಟ ನಾ ಒಳಗ ಹೋಗೂದಿಲ್ಲವಾ. ನಮ್ಮ ಮನ್ಯಾಗ ಹಂಗ ಐತಿ” ಎಂದಳು ಆಕೆ. ಬೇರೆಯವರು ತಕರಾರು ತೆಗೆದರು: ರಾಶಿ ಅಳೆಯುವವರೆಗೆ ಒಳಗೆ ಹೋಗದಿರುವುದು ಅವರ ಮನೆತನದ ನೇಮ, ಎಲ್ಲರದಲ್ಲ. ಸ್ವಲ್ಪ ಜಗಳವೇ ಆಯಿತು. ಕೊನೆಗೆ ಕಾನೂನು ಅಧ್ಯಾಪಕಿ ತಮ್ಮ ವೃತ್ತಿಯ ಕೆಲಸವನ್ನು ಮಾಡಿದರು. ಎರಡೂ ಪಕ್ಷವನ್ನು ಕೇಳಿ ಒಂದು ನಿಯಮ ಕಟ್ಟಿದರು. “ಹಿಂಗ ಮಾಡೋಣ್ರಿ. ಇಂಥಾ ಪೆಟಗಿಗೆ ಆಯಿ ಮನಿ ನೇಮ. ಮೀಟರ ತಗೊಂಡು ಅಳಿಯಾಂವ ಬರೂತನಕ ಚಪ್ಪಲಿನೂ ಇಲ್ಲ, ಬರಿಗಾಲೂ ಇಲ್ಲ. ಒಪ್ಪಿಗಿ ಏನು?” ಜನ ಒಪ್ಪಿದರು. ಎರಡನೆಯ ಸಲ ಒಬ್ಬರೂ ದಾಟಲಿಲ್ಲ. ದಾಟಲು ಹೊರಟ ಕರುವನ್ನು ಹಾಲಿನವನು ಗದರಿ ಓಡಿಸಿದ.

ನಾನು ಕೈಪಿಡಿಯನ್ನು ಮೊದಲಿನಿಂದ ಬರೆದೆ. ಹಳೆಯ ಪಠ್ಯದ ವಾಕ್ಯಗಳು ನನಗೆ ಪ್ರಿಯವಾಗಿದ್ದವು. ಹೊಸದರಲ್ಲಿ ಅವುಗಳಲ್ಲೊಂದೂ ಉಳಿಯಲಿಲ್ಲ. ‘ಎತ್ತಬೇಡಿ, ಬಿಟ್ಟೂ ಹೋಗಬೇಡಿ. ದೂರದಲ್ಲಿ ಗೆರೆ ಎಳೆಯಿರಿ. ಗೆರೆಯ ಹೊರಗೆ ಒಬ್ಬರು ಕಾಯಿರಿ, ಒಬ್ಬರು ತಿಳಿಸಿರಿ. ಅಳೆಯುವವರು ಬರುವವರೆಗೆ ಯಾರೂ ದಾಟಬೇಡಿ’ ಎಂದು ಆರಂಭವಾಗುತ್ತದೆ ಈಗಿನ ಕೈಪಿಡಿ. ಅದನ್ನು ಹಿಡಿದುಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಗೆ ಮತ್ತೆ ಹೋದೆವು. ಈ ಸಲ ಮೊದಲೇ ಹೇಳಿ, ಪೆಟ್ಟಿಗೆಯನ್ನು ಮೊದಲೇ ಬಿಚ್ಚಿ ತೋರಿಸಿ, ಆಮೇಲೆ ಅಭ್ಯಾಸ ಮಾಡಿಸಿದೆವು. ಪರೀಕ್ಷೆಯೆಂದು ಕರೆಯುವಂತಿರಲಿಲ್ಲ, ಪ್ರಾಧ್ಯಾಪಕರು ವರದಿಯಲ್ಲಿ ಅದನ್ನು ‘ತರಬೇತಿ’ ಎಂದೇ ಬರೆದರು.

ಹಾಲಿನ ವಿಷಯ ಅಷ್ಟು ಬೇಗ ಇತ್ಯರ್ಥವಾಗಲಿಲ್ಲ. ಕಟ್ಟೆಯ ಮೇಲಿನ ಆ ದಿನ ನಕ್ಕವರಲ್ಲಿ ಕೆಲವರು ಮರುದಿನವೇ ಪಾತ್ರೆ ಹಿಡಿದರು. ಸಂಘದವರು ಬಳಿಕ ಒಪ್ಪಿದರು. ಆಯಿಯೂ ಅವಳ ಓಣಿಯ ಮನೆಗಳೂ ಮಾತ್ರ ಬೇರೆಯವನ ಹಾಲಿಗೆ ಹೊಂದಿಕೊಂಡಿದ್ದವು. ವಿದ್ಯಾರ್ಥಿನಿ ಆಗಾಗ ಕರೆಮಾಡಿ ಕೇಳುತ್ತಿದ್ದಳು. ಆತ, “ನಡದೈತಿ ತಂಗೀ, ಅರ್ಧಾಮರ್ಧಾ” ಎನ್ನುತ್ತಿದ್ದ. ಆ ‘ಅರ್ಧಾಮರ್ಧಾ’ ನಮ್ಮ ಕೊಠಡಿಯಲ್ಲಿ ಯಾರಿಗೂ ಹಿತವಾಗುತ್ತಿರಲಿಲ್ಲ.

ತೊಗರಿ ಕಟಾವಿನ ಹೊತ್ತಿಗೆ ಒಂದು ಬೆಳಿಗ್ಗೆ ನನಗೇ ಅವನ ಕರೆ ಬಂತು.

“ಮಾಸ್ತರ, ಕಾಲುವಿ ಹಾದ್ಯಾಗ ಒಂದು ಪೆಟಗಿ ಬಿದ್ದೈತಿ. ನಿಮ್ದೇನು?”

ನಮ್ಮದಲ್ಲ ಎಂದೆ. ಮುಟ್ಟಿದೆಯಾ ಎಂದು ಕೇಳಿದೆ.

“ಛೇ, ಮುಟ್ಟಿಲ್ರಿ. ಎರಡೂ ಕಡಿ ಕಲ್ಲಿನ ಸಾಲ ಹೊಡದೇನಿ. ಪೊಲೀಸರಿಗಿ ಹೇಳಾಕ ಒಬ್ಬನ್ನ ಕಳಿಸೇನಿ. ಕಬ್ಬಿನ ಟ್ರ್ಯಾಕ್ಟರ ನಿಂತಾವ, ಬೈಯಾಕತ್ತಾರ. ಬೈಲಿ. ನೀವು ಅಳಿಯಾವ್ರನ ಕಳಸ್ರಿ ಲಗೂನ.”

ಪ್ರಾಧ್ಯಾಪಕರು ಮಾಪಕವನ್ನು ಹಿಡಿದುಕೊಂಡು ಹೊರಟರು, ನಾನೂ ಹೊರಟೆ. ನಾವು ತಲುಪಿದಾಗ ಪೊಲೀಸರೂ ಬಂದು ಕಲ್ಲಿನ ಸಾಲಿನ ಹೊರಗೇ ನಿಂತಿದ್ದರು. ಪ್ರಾಧ್ಯಾಪಕರು ಮಾಪಕವನ್ನು ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಹೋದರು. ಸದ್ದು ಏರಲಿಲ್ಲ. ಮುಚ್ಚಳ ತೆಗೆದು ನೋಡಿದರೆ, ಜಮೀನು ಅಳೆಯುವವರ ದುರ್ಬೀನಿನಂಥ ಉಪಕರಣ, ಮೆತ್ತೆಯಲ್ಲಿ ಸುತ್ತಿದ್ದು. ಯಾರದೋ ವಾಹನದಿಂದ ಜಾರಿ ಬಿದ್ದಿತ್ತು. ಪ್ರಾಧ್ಯಾಪಕರು ಕೈಯೆತ್ತಿ, ಏನೂ ಇಲ್ಲ ಎಂದು ಸನ್ನೆ ಮಾಡಿದರು. ಟ್ರ್ಯಾಕ್ಟರುಗಳು ಹೊರಟವು.

ಹಾಲಿನವನು ನನ್ನ ಹತ್ತಿರ ಬರಲಿಲ್ಲ, ಅವನಿಗೆ ಪುರುಸೊತ್ತಿರಲಿಲ್ಲ. ಕಲ್ಲಿನ ಸಾಲಿನಾಚೆ ಅವನ ಗಾಡಿಯ ಸುತ್ತ ಊರಿನಿಂದ ನಡೆದು ಬಂದ ಹೆಂಗಸರು ಪಾತ್ರೆ, ಚೆಂಬು, ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು. ಆಯಿಯ ದನಿ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು.

“ಸೂರ್ಯಾ ನೆತ್ತಿಗಿ ಬಂದಾನ, ಚಾಕ್ಕ ಹಾಲಿಲ್ಲ! ಆ ಹೊಸಬನ ಹಾಲು ಬರೇ ನೀರು, ಅದಕ್ಕ ಬಿಟ್ಟೇನಿ. ನೀ ಇಲ್ಲಿ ಕಲ್ಲ ಕಾಯಕೋತ ನಿಂತೀಯಲ್ಲೋ, ನಿನಗ ಬುದ್ಧಿ ಐತೇನು? ತುಂಬ ಹಾಕು, ತುಂಬ.”

“ಹಾಕ್ತೇನಿ ತಡೀ ಆಯೀ, ಮೊದ್ಲ ಬಂದಾವ್ರಿಗಿ ಮೊದ್ಲ” ಎಂದು ಅವನು ಅಳತೆಯ ಲೋಟವನ್ನು ಕ್ಯಾನಿನೊಳಗೆ ಇಳಿಸಿದ.